ಜೊಂಡಿನ ಮಡಿ ಕಟ್ಟಿಸಿ ಒಂದೂವರೆ ವರ್ಷ: ಮಾತ್ರೆ ಕರಗಿದ ನೀರನ್ನು ಗಿಡಗಳು ಎಷ್ಟು ತೊಳೆಯುತ್ತವೆ?

ಈ ಮಡಿ ಕಟ್ಟಿಕೊಟ್ಟ ತಂಡಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದು ಯಾಕಿಲ್ಲ ಅನ್ನುವುದನ್ನೂ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಕೊಳಚೆ ನೀರಿಗೆ ಗಿಡ ನೆಟ್ಟು ತಿಳಿ ಮಾಡಿಸುವ ಈ ಕೆಲಸಕ್ಕೆ ನಾನು ದುಡ್ಡು ಹಾಕುವ ಮುಂಚೆ ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದರೆ ಎಷ್ಟೋ ಅನುಕೂಲ ಆಗುತ್ತಿತ್ತು.

ಹಾಸನದಿಂದ ಸಾಲಗಾಮೆ ರಸ್ತೆಯಲ್ಲಿ ಊರು ದಾಟಿದ ಮೇಲೆ ನಮ್ಮದೊಂದು ಸಣ್ಣ ವೃದ್ಧಾಶ್ರಮ ಇದೆ. ಹಿರಿಯರು 12 ಜನ, ನೋಡಿಕೊಳ್ಳುವವರು ನಾವು 4 ಜನ. ನಾನು 20 ವರ್ಷ ನರ್ಸ್ ಆಗಿದ್ದವಳು. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಸುತ್ತು, ತಿಂಡಿ ಆದ ಮೇಲೆ ಒಂದು ಸುತ್ತು, ರಾತ್ರಿ ಇನ್ನೊಂದು, ಹೀಗೆ ಮಾತ್ರೆ ಹಂಚುವುದು ನನ್ನ ದಿನದ ಕೆಲಸ. ನಮ್ಮಲ್ಲಿ ಒಬ್ಬರು ಮೇಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಈಗ 81 ವರ್ಷ. ಒಂದು ದಿನ ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೇಳಿದರು. "ಅಲ್ಲಮ್ಮಾ, ದಿನಾ ಇಷ್ಟೊಂದು ನುಂಗಿಸ್ತೀಯಲ್ಲ, ಇವೆಲ್ಲ ಆಮೇಲೆ ಎಲ್ಲಿಗೆ ಹೋಗ್ತವೆ?"

"ರಕ್ತದಲ್ಲಿ ಸೇರಿ ಕೆಲಸ ಮಾಡ್ತವೆ ಮೇಷ್ಟ್ರೇ" ಅಂದೆ.

"ಅದು ಗೊತ್ತು. ಕೆಲಸ ಮಾಡಿದ ಮೇಲೆ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿ ಮಾತ್ರೆ ಬರೆದಿಡುವ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು 7 ಜನ, ಒಬ್ಬೊಬ್ಬರಿಗೆ ದಿನಕ್ಕೆ 1000 ಮಿಲಿಗ್ರಾಂ. ಮೆಟ್‌ಫಾರ್ಮಿನ್ ನಮ್ಮ ದೇಹದಲ್ಲಿ ಒಡೆಯುವುದಿಲ್ಲ. ತನ್ನ ಕೆಲಸ ಮುಗಿಸಿ ಇದ್ದ ಹಾಗೆಯೇ ಹೊರಗೆ ಬರುತ್ತದೆ. ಅಂದರೆ ದಿನಕ್ಕೆ 7 ಗ್ರಾಂ. ವರ್ಷಕ್ಕೆ ಎರಡೂವರೆ ಕಿಲೋ! ಒಂದೇ ಮನೆಯಿಂದ, ಒಂದೇ ಔಷಧಿ. ಅದರ ಜೊತೆ ಬಿಪಿ ಮಾತ್ರೆ, ಜ್ವರದ ಮಾತ್ರೆ, ಆಗಾಗ ಆಂಟಿಬಯೋಟಿಕ್, ಒಬ್ಬ ಅಜ್ಜನಿಗೆ ಮೂರ್ಛೆ ಬರದಂತೆ ಕಾರ್ಬಮಜೆಪಿನ್. ಮಂಡಿ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅಂತೂ ಎಲ್ಲರ ದಿಂಬಿನ ಪಕ್ಕದಲ್ಲೂ ಒಂದೊಂದು ಟ್ಯೂಬ್ ಇರುತ್ತದೆ. ಆ ಜೆಲ್‌ನಲ್ಲಿ ಚರ್ಮದ ಮೂಲಕ ಒಳಗೆ ಇಳಿಯುವುದು ನೂರಕ್ಕೆ ಆರರಷ್ಟು ಮಾತ್ರ. ಉಳಿದದ್ದು ಕೈ ತೊಳೆದಾಗ, ಸ್ನಾನ ಮಾಡಿದಾಗ, ಪಂಚೆ ಸೀರೆ ಒಗೆದಾಗ ನೀರಿಗೆ ಹೋಗುತ್ತದೆ.

ಆ ನೀರು ಆಗ ಹೋಗುತ್ತಿದ್ದದ್ದು ಹಿತ್ತಲಿನ ಇಂಗುಗುಂಡಿಗೆ. ಇಂಗುಗುಂಡಿಯ ಕೆಳಗಿನ ಇಳಿಜಾರಿನಲ್ಲಿ ಪಕ್ಕದ ತೋಟದವರ ತೆರೆದ ಬಾವಿ ಇದೆ. ಅವರ ಮನೆಯ ಮಗು ಅದೇ ನೀರು ಕುಡಿಯುತ್ತದೆ. ನಮ್ಮ ಸುತ್ತಿನ ಹಳ್ಳಗಳೆಲ್ಲ ಕೊನೆಗೆ ಸೇರುವುದು ಹೇಮಾವತಿಗೆ. ಹೇಮಾವತಿ ಕೃಷ್ಣರಾಜಸಾಗರದ ಹತ್ತಿರ ಕಾವೇರಿಗೆ ಸೇರುತ್ತದೆ, ಅಲ್ಲಿಂದ ಮುಂದೆ ಯಾರ್ಯಾರ ನಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮೊದಲು ಮೆಷಿನ್ ಹಾಕುವವರನ್ನು ಕೇಳಿದೆವು. ಗಾಳಿ ಊದುವ ಮೋಟಾರ್ ಇರುವ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಆರೂವರೆ ಲಕ್ಷ ಹೇಳಿದರು. ಮೋಟಾರ್ ಹಗಲು ರಾತ್ರಿ ಓಡಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಅದೂ ಅಲ್ಲದೆ ಸಾಮಾನ್ಯ ಎಸ್‌ಟಿಪಿ ಮಾಡಿರುವುದು ಗಲೀಜು ತೆಗೆಯಲಿಕ್ಕೆ. ಔಷಧಿ ತೆಗೆಯುವುದು ಅದರ ಗುರಿಯೇ ಅಲ್ಲ. ಯುರೋಪಿನಲ್ಲಿ 2024ರಲ್ಲಿ ಹೊಸ ಕಾನೂನು ಬಂದಿದೆ. ದೊಡ್ಡ ಊರುಗಳ ಕೊಳಚೆ ನೀರಿಗೆ ನಾಲ್ಕನೇ ಹಂತ ಅಂತ ಓಝೋನ್, ಆ್ಯಕ್ಟಿವೇಟೆಡ್ ಇದ್ದಿಲಿನಂಥದ್ದನ್ನು ಬಳಸಿ ಇಂಥ ಸೂಕ್ಷ್ಮ ವಿಷಗಳನ್ನು ತೆಗೆಯಬೇಕು, ಅದರ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 80ರಷ್ಟನ್ನು ಔಷಧಿ ಮತ್ತು ಸೌಂದರ್ಯ ಸಾಮಗ್ರಿ ಮಾಡುವ ಕಂಪನಿಗಳೇ ಕೊಡಬೇಕು ಅಂತ. ನನಗೆ ಇದು ಬಹಳ ಸರಿ ಅನ್ನಿಸಿತು. ಆದರೆ 16 ಜನರ ಮನೆಗೆ ಓಝೋನ್ ಯಂತ್ರ ತರುವುದು ನಮ್ಮಿಂದ ಆಗುವ ಮಾತಲ್ಲ.

ಆಗ ಸಿಕ್ಕಿದ್ದು ಗಿಡದ ಮಡಿ ಕಟ್ಟಿ ನೀರು ತಿಳಿ ಮಾಡಿಕೊಡುವ ಈ ತಂಡ. ಮೂರು ಜನ ಹುಡುಗರು, ಒಬ್ಬ ಸಿವಿಲ್ ಎಂಜಿನಿಯರ್. ಹೋಂಸ್ಟೇ, ಶಾಲೆ ಅಂತ ಕೆಲವು ಕಡೆ ಮಾಡಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ಓದಿದರೆ ಗೊತ್ತಾಗುತ್ತದೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಂದವರು ಕೊಟೇಶನ್ ಕೊಟ್ಟು ಹೋಗಲಿಲ್ಲ. ಒಂದು ವಾರ ನೀರಿನ ಲೆಕ್ಕ ಬರೆಸಿದರು. ಎಷ್ಟು ಜನ ಸ್ನಾನ ಮಾಡುತ್ತಾರೆ, ಹಾಸಿಗೆ ಬಟ್ಟೆ ವಾರಕ್ಕೆ ಎಷ್ಟು ಸಲ ಒಗೆಯುತ್ತೀರಿ, ಯಾರ್ಯಾರಿಗೆ ಯಾವ ಮಾತ್ರೆ, ಎಲ್ಲ ಕೇಳಿದರು. ದಿನಕ್ಕೆ ಸುಮಾರು 2000 ಲೀಟರ್ ಅಂತ ಬಂತು. ಇಳಿಜಾರು ಅಳೆದು, ಪಂಪ್ ಬೇಡ, ನೀರು ತಾನೇ ಇಳಿದುಕೊಂಡು ಹೋಗುತ್ತದೆ ಅಂದರು. ಇವತ್ತಿನವರೆಗೂ ಇದಕ್ಕೆ ಒಂದು ಯೂನಿಟ್ ಕರೆಂಟ್ ಖರ್ಚಾಗಿಲ್ಲ.

ಅವರು ಕೊಟ್ಟ ಪಾಂಪ್ಲೆಟ್‌ನಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ "ಶೇಕಡಾ 100 ಔಷಧಿ ಮುಕ್ತ ನೀರು" ಅಂತ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಕಟ್ಟಿದ್ದು ಹೀಗೆ. ಮೊದಲಿದ್ದ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್‌ಗೆ ಇನ್ನೊಂದು ಕೋಣೆ ಸೇರಿಸಿದರು. ಗಟ್ಟಿ ಪದಾರ್ಥ ಅಲ್ಲೇ ಕೂರಬೇಕು, ಮುಂದೆ ತಿಳಿ ಮಾತ್ರ ಹೋಗಬೇಕು. ಅಲ್ಲಿಂದ ನೀರು ಸುಮಾರು 100 ಲೀಟರ್ ಹಿಡಿಯುವ ಒಂದು ತಗಡಿನ ತೊಟ್ಟಿಗೆ ಬೀಳುತ್ತದೆ. ತುಂಬಿದ ತಕ್ಷಣ ಅದು ತಾನೇ ವಾಲಿ, ದಬಕ್ಕನೆ ಸುರಿದು, ಮತ್ತೆ ಎದ್ದು ನಿಲ್ಲುತ್ತದೆ. ದಿನಕ್ಕೆ 20 ಸಲ ಹೀಗೆ. ಸುರಿದ ನೀರು 14 ಅಡಿ ಉದ್ದ 10 ಅಡಿ ಅಗಲದ ಜಲ್ಲಿ ಮಡಿಯ ಮೇಲೆ ಹರಡಿ ಕೆಳಗೆ ಇಳಿಯುತ್ತದೆ. ಒಂದು ಸಲ ಸುರಿದು ಇನ್ನೊಂದು ಸಲ ಸುರಿಯುವ ಮಧ್ಯೆ ಜಲ್ಲಿಯ ಸಂದಿಗೆ ಗಾಳಿ ಹೋಗುತ್ತದೆ. ನಾವು ಇದನ್ನು ಗಾಳಿ ಮಡಿ ಅನ್ನುತ್ತೇವೆ.

ಅದರ ಕೆಳಗೆ ದೊಡ್ಡದು. 30 ಅಡಿ ಉದ್ದ, 14 ಅಡಿ ಅಗಲ, 2 ಅಡಿ ಆಳ. ಕೃಷಿ ಹೊಂಡಕ್ಕೆ ಹಾಸುತ್ತಾರಲ್ಲ, ಅದೇ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಜಲ್ಲಿ ತುಂಬಿದ್ದಾರೆ. ಇದರಲ್ಲಿ ನೀರು ಅಡ್ಡಡ್ಡ ನಿಧಾನಕ್ಕೆ ಹರಿಯುತ್ತದೆ. ಜಲ್ಲಿಯ ನಡುವೆ ನೀರಿಗೆ ಉಳಿಯುವ ಜಾಗ ನೂರಕ್ಕೆ 40ರಷ್ಟು. ಲೆಕ್ಕ ಹಾಕಿದರೆ ಒಂಬತ್ತೂವರೆ ಸಾವಿರ ಲೀಟರ್. ದಿನಕ್ಕೆ 2000 ಲೀಟರ್ ಬಂದರೆ ಒಂದು ಹನಿ ಒಳಗೆ ಹೋಗಿ ಹೊರಗೆ ಬರಲು ಹತ್ತಿರ ಹತ್ತಿರ ಐದು ದಿನ. ಈ ಐದು ದಿನವೇ ಇಡೀ ವ್ಯವಸ್ಥೆಯ ಜೀವ. ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತೇವೆ ಅಂತ ಇದರ ಅರ್ಧದಷ್ಟು ಮಡಿ ಕಟ್ಟುವವರಿದ್ದಾರೆ. ಒಪ್ಪಬೇಡಿ. ನೀರು ಮಡಿಯ ಮೇಲೆ ಕಾಣಬಾರದು, ಜಲ್ಲಿಯ ಮಟ್ಟಕ್ಕಿಂತ ಎರಡು ಇಂಚು ಕೆಳಗೇ ಇರಬೇಕು. ಕೊನೆಯಲ್ಲಿ ಒಂದು ಎಲ್ಬೋ ಪೈಪ್ ಇದೆ, ಅದನ್ನು ಎತ್ತಿ ಇಳಿಸಿ ಮಟ್ಟ ಸರಿ ಮಾಡಬಹುದು. ಹೀಗಿದ್ದರೆ ಸೊಳ್ಳೆ ಆಗುವುದಿಲ್ಲ, ವಾಸನೆಯೂ ಬರುವುದಿಲ್ಲ.

ಎಲ್ಲದರ ಕೊನೆಗೆ ಮೊಣಕಾಲು ಮುಳುಗುವಷ್ಟು ಆಳದ ಒಂದು ಸಣ್ಣ ತೆರೆದ ಹೊಂಡ. ಇದಕ್ಕೆ ಕಾರಣ ಬಿಸಿಲು. ಡೈಕ್ಲೋಫೆನಾಕ್ ಬಿಸಿಲಿಗೆ ಒಡೆಯುವ ಔಷಧಿ, ಜಲ್ಲಿಯ ಒಳಗೆ ಬಿಸಿಲು ಬೀಳುವುದಿಲ್ಲ. ಹೊಂಡಕ್ಕೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಟ್ಟಿದ್ದೇವೆ.

ಗಿಡಗಳು ಯಾವುವು? ದುಬಾರಿ ಗಿಡ ಒಂದೂ ಇಲ್ಲ. ಕೆರೆ ಅಂಚಿನಿಂದ ಕಿತ್ತು ತಂದ ಜೊಂಡು, ಹಿತ್ತಲಿನ ಕಾಬಾಳೆ, ಒಂದು ಸಾಲು ಲಾವಂಚ. ನಮ್ಮ ಹಿರಿಯರು ಬಚ್ಚಲ ನೀರು ಹೋಗುವ ಕಡೆ ಕೆಸು, ಬಾಳೆ, ಕಾಬಾಳೆ ನೆಡುತ್ತಿದ್ದರಲ್ಲ, ಅದೇ ಬುದ್ಧಿಯನ್ನು ಲೆಕ್ಕ ಹಾಕಿ ದೊಡ್ಡದು ಮಾಡಿದ ಹಾಗೆ. ಇದನ್ನು ವಿಜ್ಞಾನವಾಗಿ ಮೊದಲು ನಿಲ್ಲಿಸಿದವರು ಜರ್ಮನಿಯ ಕ್ಯಾಥೆ ಝೈಡೆಲ್ ಅನ್ನುವ ಹೆಣ್ಣುಮಗಳು. 1950ರ ದಶಕದಲ್ಲೇ ಜೊಂಡಿನ ಜಾತಿಯ ಗಿಡಗಳು ಫಿನಾಲ್‌ನಂಥ ವಿಷವನ್ನೂ ನೀರಿನಿಂದ ತೆಗೆಯಬಲ್ಲವು ಅಂತ ಪ್ರಯೋಗ ಮಾಡಿ ತೋರಿಸಿದರು. ಮೊದಲು ಗಾಳಿಯಾಡುವ ಮಡಿ, ಆಮೇಲೆ ನೀರು ತುಂಬಿದ ಮಡಿ ಅನ್ನುವ ಕ್ರಮವೂ ಅವರದೇ. ಇದನ್ನು ಓದಿ ಹೇಳಿದಾಗ ಮೇಷ್ಟ್ರಿಗೆ ಆದ ಸಂತೋಷ ನೋಡಬೇಕಿತ್ತು.

ನೆಡುವ ದಿನ ಆ ಎಂಜಿನಿಯರ್ ಹುಡುಗ ಒಂದು ಜೊಂಡಿನ ಎಲೆಯನ್ನು ಬುಡದ ಹತ್ತಿರ ಅಡ್ಡ ಕೊಯ್ದು ಎಲ್ಲರ ಕೈಗೂ ಕೊಟ್ಟ. ಒಳಗೆ ಜೇನುಹುಟ್ಟಿನ ಹಾಗೆ ಗೂಡು ಗೂಡು. "ಅಜ್ಜಿ, ಈ ಗೂಡಲ್ಲಿ ಗಾಳಿ ಇಳಿದು ಬೇರಿಗೆ ಹೋಗುತ್ತೆ. ಬೇರಿನ ಸುತ್ತ ಇರೋ ಸೂಕ್ಷ್ಮಜೀವಿ ಆ ಗಾಳಿ ತಗೊಂಡು ಕೊಳೆ ತಿನ್ನುತ್ತೆ" ಅಂದ. ಚೆನ್ನಾಗಿ ವಿವರಿಸಿದ. ಕೆಲಸದ ಹೆಚ್ಚು ಪಾಲು ಮಾಡುವುದು ಈ ಸೂಕ್ಷ್ಮಜೀವಿಗಳೇ. ಜಲ್ಲಿಯ ಒಂದೊಂದು ಕಲ್ಲಿನ ಮೇಲೂ ಜಾರುವ ಪದರದ ಹಾಗೆ ಅಂಟಿಕೊಂಡಿರುತ್ತವೆ. ಕೆಲವು ಔಷಧಿ ಕಲ್ಲಿಗೆ, ಕೆಸರಿಗೆ ಅಂಟಿ ನಿಂತುಬಿಡುತ್ತದೆ. ಇನ್ನು ಕೆಲವನ್ನು ಗಿಡವೇ ಬೇರಿನಿಂದ ಹೀರುತ್ತದೆ. ಹೀರಿದ್ದನ್ನು ಗಿಡ ಏನು ಮಾಡುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ನಮ್ಮ ಪಿತ್ತಜನಕಾಂಗ ಮಾಡುವ ಹಾಗೆಯೇ ಔಷಧಿಯ ಅಣುವನ್ನು ಸ್ವಲ್ಪ ಬದಲಿಸಿ, ಅದಕ್ಕೆ ಇನ್ನೊಂದು ಅಣು ಅಂಟಿಸಿ, ಜೀವಕೋಶದ ಒಳಗಿನ ಚೀಲದಲ್ಲಿ ಅಥವಾ ಗೋಡೆಯಲ್ಲಿ ಬಂಧಿಸಿ ಇಡುತ್ತದೆ. ವಿಜ್ಞಾನಿಗಳು ಇದನ್ನು ಹಸಿರು ಪಿತ್ತಜನಕಾಂಗ ಅಂತಲೇ ಕರೆಯುತ್ತಾರೆ. ಗಿಡಕ್ಕೆ ಮೂತ್ರ ಮಾಡಿ ಹೊರಗೆ ಹಾಕುವ ದಾರಿ ಇಲ್ಲ, ಹಾಗಾಗಿ ಒಳಗೇ ಕೂಡಿಟ್ಟುಕೊಳ್ಳಬೇಕು.

ಈಗ ಮುಖ್ಯ ಪ್ರಶ್ನೆ. ಔಷಧಿ ಹೋಗುತ್ತದೆಯಾ?

ಎಲ್ಲ ಔಷಧಿಗೂ ಒಂದೇ ಉತ್ತರ ಇಲ್ಲ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಸುಲಭವಾಗಿ ಒಡೆಯುತ್ತದೆ, ಬಹುಪಾಲು ಹೋಗುತ್ತದೆ. ನಮ್ಮ ಜಿಲ್ಲೆಯವರು ದಿನಕ್ಕೆ ನಾಲ್ಕು ಸಲ ಕುಡಿಯುವ ಕಾಫಿಯ ಕೆಫೀನ್ ಕೂಡ ಹಾಗೆಯೇ. ನೋವಿನ ಮಾತ್ರೆ ಐಬುಪ್ರೊಫೆನ್ ಒಡೆಯಲು ಗಾಳಿ ಬೇಕು. ನೀರು ನಿಂತ ಮಡಿಗಿಂತ ಗಾಳಿ ಮಡಿಯಲ್ಲಿ ಅದು ಎಷ್ಟೋ ಚೆನ್ನಾಗಿ ಹೋಗುತ್ತದೆ, ಹಾಗಾಗಿ ಎರಡೂ ಥರದ ಮಡಿ ಇರಲೇಬೇಕು ಅಂತ ನಾನು ಹೇಳುವುದು. ಡೈಕ್ಲೋಫೆನಾಕ್ ಅಷ್ಟು ನಂಬಿಕೆಯದ್ದಲ್ಲ, ಒಂದು ಕಡೆ ಚೆನ್ನಾಗಿ ಹೋದರೆ ಇನ್ನೊಂದು ಕಡೆ ಸ್ವಲ್ಪವೇ ಹೋಗುತ್ತದೆ. ಇದೇ ಡೈಕ್ಲೋಫೆನಾಕ್ ಕೊಟ್ಟ ದನ ಸತ್ತ ಮೇಲೆ ಅದನ್ನು ತಿಂದು ನಮ್ಮ ದೇಶದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ನೀರಿನಲ್ಲಿ ತೀರಾ ಸ್ವಲ್ಪ ಇದ್ದರೂ ಮೀನಿನ ಕಿಡ್ನಿಗೆ, ಕಿವಿರಿಗೆ ಪೆಟ್ಟಾಗುತ್ತದೆ. ಅದಕ್ಕೇ ಜೆಲ್ ವಿಷಯದಲ್ಲಿ ನಾನು ಇಷ್ಟು ಹಠ ಮಾಡುವುದು.

ಮೆಟ್‌ಫಾರ್ಮಿನ್ ಗಾಳಿ ಇರುವ ಕಡೆ ಚೆನ್ನಾಗಿಯೇ ಒಡೆಯುತ್ತದೆ, ಆದರೆ ಒಡೆದು ಗ್ವಾನಿಲ್ ಯೂರಿಯಾ ಅನ್ನುವ ಇನ್ನೊಂದು ಪದಾರ್ಥ ಆಗುತ್ತದೆ, ಅದು ಬೇಗ ಹೋಗುವುದಿಲ್ಲ. ಮೂಲ ಔಷಧಿ ಹೋಯಿತು ಅಂದ ಮಾತ್ರಕ್ಕೆ ಎಲ್ಲ ಹೋಯಿತು ಅಂತ ತಿಳಿಯಬಾರದು. ಆಂಟಿಬಯೋಟಿಕ್‌ಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೆಸರಿಗೆ ಅಂಟಿ ನಿಲ್ಲುತ್ತದೆ. ಟೆಟ್ರಾಸೈಕ್ಲಿನ್ ಅನ್ನು ಲಾವಂಚ ಚೆನ್ನಾಗಿ ಹೀರುತ್ತದೆ ಅಂತ ಅಮೆರಿಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಇನ್ನು ನಮ್ಮ ಅಜ್ಜನ ಕಾರ್ಬಮಜೆಪಿನ್. ಅದು ಬಹಳ ಗಟ್ಟಿ. ಸೂಕ್ಷ್ಮಜೀವಿಗಳು ಅದನ್ನು ಮುಟ್ಟುವುದೇ ಕಡಿಮೆ. ಮೆಷಿನ್ ಎಸ್‌ಟಿಪಿಯಲ್ಲೂ ಹೆಚ್ಚೇನೂ ಹೋಗುವುದಿಲ್ಲ, ಮಡಿಯಲ್ಲಿ ಗಿಡ ಹೀರಿದಷ್ಟು ಕಡಿಮೆಯಾಗುತ್ತದೆ, ಉಳಿದದ್ದು ದಾಟಿ ಹೋಗುತ್ತದೆ. ಹಾಗಾಗಿಯೇ ಯಾವುದಾದರೂ ನದಿಗೆ ಊರಿನ ಕೊಳಚೆ ಸೇರಿದೆಯಾ ಅಂತ ನೋಡಲು ವಿಜ್ಞಾನಿಗಳು ಕಾರ್ಬಮಜೆಪಿನ್ ಹುಡುಕುತ್ತಾರೆ.

ಕಟ್ಟುವ ಮುಂಚೆಯೇ ಇಷ್ಟು ಓದಿಕೊಂಡು, ಪಾಂಪ್ಲೆಟ್ ಹಿಡಿದುಕೊಂಡು ಹೋಗಿ ಆ ಎಂಜಿನಿಯರ್ ಹುಡುಗನನ್ನು ಕೇಳಿದ್ದೆ. "ನೂರಕ್ಕೆ ನೂರು ಅಂತ ಯಾಕಪ್ಪಾ ಹಾಕಿದ್ದೀಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮೇಡಂ, ಅದು ಹಾಕಬಾರದಿತ್ತು. ಬಿಒಡಿ, ವಾಸನೆ ಎಲ್ಲ ಗ್ಯಾರಂಟಿ ಕೊಡ್ತೀನಿ. ಔಷಧಿಗೆ ಗ್ಯಾರಂಟಿ ಕೊಡಕ್ಕಾಗಲ್ಲ" ಅಂದ. (ಬಿಒಡಿ ಅಂದರೆ ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು.) ಆ ಮಾತು ಕೇಳಿದ ಮೇಲೆಯೇ ನಾನು ಅಡ್ವಾನ್ಸ್ ಕೊಟ್ಟದ್ದು. ಗಾಳಿ ಮಡಿಯೂ ತೆರೆದ ಹೊಂಡವೂ ಮೊದಲಿನ ನಕ್ಷೆಯಲ್ಲಿ ಇರಲಿಲ್ಲ. ನಮ್ಮ ಮಾತ್ರೆ ಪಟ್ಟಿ ನೋಡಿಕೊಂಡು ಆಮೇಲೆ ಸೇರಿಸಿದ.

ಜನವರಿಯಲ್ಲಿ ಕಟ್ಟಿ ಮುಗಿಯಿತು. ಏಪ್ರಿಲ್ ಹೊತ್ತಿಗೆ ಜೊಂಡು ಎದೆಮಟ್ಟ ಬಂತು. ಮೊದಲ ಮೂರು ತಿಂಗಳು ನೀರು ಅಷ್ಟೇನೂ ತಿಳಿಯಾಗಲಿಲ್ಲ. ಬೇರು ಇಳಿಯಬೇಕು, ಸೂಕ್ಷ್ಮಜೀವಿ ಕೂರಬೇಕು, ಕಾಯಲೇಬೇಕು.

ಜೂನ್‌ನಲ್ಲಿ ಎಡವಟ್ಟಾಯಿತು. ದೊಡ್ಡ ಮಳೆ ಶುರುವಾದ ಎರಡನೇ ವಾರಕ್ಕೆ ದೊಡ್ಡ ಮಡಿಯ ಮೇಲಿನ ತುದಿಯಲ್ಲಿ ನೀರು ನಿಂತಿತು. ಕಪ್ಪು ನೀರು, ಕೆಟ್ಟ ವಾಸನೆ. ಆ ಕಡೆಯ ಕಿಟಕಿ ತೆಗೆಯಲಿಕ್ಕೆ ಆಗುತ್ತಿರಲಿಲ್ಲ, ಉಬ್ಬಸ ಇರುವ ಅಜ್ಜಿಯ ಮಂಚವನ್ನು ಇನ್ನೊಂದು ಕೋಣೆಗೆ ಹಾಕಬೇಕಾಯಿತು. ಫೋನ್ ಮಾಡಿದರೆ ತೆಗೆಯಲಿಲ್ಲ. ಮೂರು ವಾರ ಫೋನ್ ಮಾಡಿದೆ. ಬಹಳ ಬೇಜಾರಾಯಿತು, ಕೋಪವೂ ಬಂತು. ಹಿರಿಯರು ಇರುವ ಮನೆ ಇದು, ಮೂರು ವಾರ ಯಾರೂ ಬರದೆ ಇರುವುದು ಖಂಡಿತ ಸರಿಯಲ್ಲ. ಕೊನೆಗೆ ಬಂದು ಅಗೆದು ನೋಡಿದಾಗ ಎರಡು ತಪ್ಪು ಗೊತ್ತಾಯಿತು. ಜಲ್ಲಿಯನ್ನು ತೊಳೆಯದೆ ಕ್ವಾರಿಯಿಂದ ತಂದ ಹಾಗೆಯೇ ಸುರಿದಿದ್ದರು, ಕಲ್ಲಿನ ಪುಡಿ ಎಲ್ಲ ಸಂದಿಯಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಇನ್ನೊಂದು, ಮಡಿಯ ಸುತ್ತ ಬದು ಕಟ್ಟಿರಲಿಲ್ಲ. ಹೆಂಚಿನ ನೀರು, ಅಂಗಳದ ಮಣ್ಣು ನೀರು ಎಲ್ಲ ಅದಕ್ಕೇ ಇಳಿದಿತ್ತು. ಮಳೆ ನೀರು ಹೀಗೆ ನುಗ್ಗಿದರೆ ಐದು ದಿನ ನಿಲ್ಲಬೇಕಾದ ನೀರು ಒಂದೇ ದಿನಕ್ಕೆ ಹೊರಗೆ ಬರುತ್ತದೆ, ಔಷಧಿಯನ್ನೂ ಜೊತೆಗೆ ತೆಗೆದುಕೊಂಡು. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮಳೆ ಗೊತ್ತಿರುವವರು ಇದನ್ನು ಮರೆಯಬಾರದಿತ್ತು.

ಸರಿ ಮಾಡಿದ್ದನ್ನು ಮಾತ್ರ ಚೆನ್ನಾಗಿ ಮಾಡಿದರು, ಅದಕ್ಕೆ ದುಡ್ಡೂ ಕೇಳಲಿಲ್ಲ. ಮೇಲಿನ ತುದಿಯಿಂದ ಮೂರು ಅಡಿ ಉದ್ದಕ್ಕೆ ಜಲ್ಲಿ ಪೂರ್ತಿ ತೆಗೆದು, 40 ಎಂಎಂ ದಪ್ಪ ಜಲ್ಲಿ ತೊಳೆದು ತುಂಬಿದರು. ಸುತ್ತ ಒಂದಡಿ ಬದು ಬಂತು, ಹೆಂಚಿನ ನೀರಿಗೆ ಬೇರೆ ಕಾಲುವೆ ಬಂತು. ಈ ವರ್ಷದ ಮಳೆಯಲ್ಲಿ ಇಲ್ಲಿಯವರೆಗೆ ತೊಂದರೆ ಇಲ್ಲ. ನೀವು ಕಟ್ಟಿಸುವಾಗ ಜಲ್ಲಿ ತೊಳೆಯುವ ದಿನ ಎದುರಿಗೇ ನಿಂತುಕೊಳ್ಳಿ. ಟಿಪ್ಪರ್ ಲೋಡು ನೇರ ಗುಂಡಿಗೆ ಸುರಿಯಲು ಬಿಡಬೇಡಿ.

ವಾಲುವ ತೊಟ್ಟಿಯ ಬೇರಿಂಗ್ ಎಂಟೇ ತಿಂಗಳಿಗೆ ತುಕ್ಕು ಹಿಡಿದು ನಿಂತಿತು. ಅದನ್ನು ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಬದಲಾಯಿಸಿಕೊಂಡೆವು. ಮೊದಲೇ ಸ್ಟೀಲ್‌ದು ಹಾಕಿಸಿ.

ನಮ್ಮ ಕಡೆಯ ತಪ್ಪೂ ಇತ್ತು. ಶೌಚಾಲಯಕ್ಕೆ ದಿನಾ ಎರಡು ಸಲ ಫಿನೈಲ್, ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದೆವು. ಮಡಿಯಲ್ಲಿ ಕಷ್ಟಪಟ್ಟು ಬೆಳೆದ ಸೂಕ್ಷ್ಮಜೀವಿಯನ್ನು ಅದು ಕೊಲ್ಲುತ್ತದೆ. ಈಗ ಸೋಪಿನ ನೀರು, ಬ್ರಷ್. ಕಾಯಿಲೆ ಇದ್ದಾಗ ಮಾತ್ರ ಬ್ಲೀಚಿಂಗ್, ಅದೂ ಅಳತೆ ಮಾಡಿ.

ನೀರನ್ನು ಎರಡು ಸಲ ಪರೀಕ್ಷೆಗೆ ಕಳಿಸಿದ್ದೇವೆ. ಬೇಸಿಗೆಯಲ್ಲಿ ಟ್ಯಾಂಕ್‌ನಿಂದ ಹೊರಬರುವ ನೀರಿನ ಬಿಒಡಿ ಲೀಟರಿಗೆ 210 ಮಿಲಿಗ್ರಾಂ ಇದ್ದದ್ದು ಹೊಂಡದಲ್ಲಿ 14ಕ್ಕೆ ಇಳಿದಿತ್ತು. ರಿಪೇರಿ ಆದ ಮೇಲೆ ಆಗಸ್ಟ್‌ನಲ್ಲಿ 26. ಹಳ್ಳ ನದಿಗೆ ಬಿಡುವ ನೀರಿಗೆ ಸರ್ಕಾರದ ಸಾಮಾನ್ಯ ಮಿತಿ 30. ಬಣ್ಣ ಇಲ್ಲ, ವಾಸನೆ ಇಲ್ಲ. ಔಷಧಿಯ ಅಂಶ ಅಳೆಯುವುದು ಬೇರೆಯದೇ ಕೆಲಸ. ಲೀಟರಿನಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿ ಇರುವುದನ್ನು ಹಿಡಿಯಲು ದೊಡ್ಡ ಯಂತ್ರ ಬೇಕು, ಖರ್ಚು ಜಾಸ್ತಿ, ನಾನು ಮಾಡಿಸಿಲ್ಲ. ಬಿಒಡಿ ರಿಪೋರ್ಟ್ ತೋರಿಸಿ "ನೋಡಿ, ಔಷಧಿ ಹೋಗಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಪರೀಕ್ಷೆಗೂ ಔಷಧಿಗೂ ಸಂಬಂಧವಿಲ್ಲ.

ಇನ್ನು ಗಿಡಗಳ ವಿಷಯ. ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮಡಿಯ ಅಂಚಿನಲ್ಲಿ ತಾನಾಗೇ ಕೆಸು ಹುಟ್ಟಿ, ಎಲೆ ಮೊರದಷ್ಟು ಅಗಲ ಬಂತು. ನಮ್ಮ ಅಡುಗೆ ಮಾಡುವ ಅಕ್ಕ ಪತ್ರೊಡೆ ಮಾಡೋಣ ಅಂತ ಕುಯ್ದು ತಂದೇಬಿಟ್ಟಿದ್ದರು. ಬೇಡ ಅಂತ ತಡೆದೆ. ಕಾರ್ಬಮಜೆಪಿನ್‌ನಂಥ ಔಷಧಿ ನೀರಿನ ಜೊತೆ ಬೇರಿನಿಂದ ಏರಿ ಎಲೆಯಲ್ಲಿ ಕೂಡುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಔಷಧಿ ಉಳಿಯುತ್ತದೆ. ಇಸ್ರೇಲ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಬೆಳೆದ ತರಕಾರಿ ತಿಂದ ಆರೋಗ್ಯವಂತರ ಮೂತ್ರದಲ್ಲಿ ಕಾರ್ಬಮಜೆಪಿನ್ ಸಿಕ್ಕಿತ್ತು. ಗಿಡ ಔಷಧಿ ಹೀರುತ್ತದೆ ಅಂತ ನಾವು ಖುಷಿ ಪಡುವುದಾದರೆ, ಆ ಗಿಡವನ್ನು ತಿನ್ನಬಾರದು ಅನ್ನುವುದನ್ನೂ ಒಪ್ಪಲೇಬೇಕು. ಲಾವಂಚದ ಬೇರೂ ಅಷ್ಟೇ. ಬೇಸಿಗೆಯಲ್ಲಿ ಹೂಜಿ ನೀರಿಗೆ ಲಾವಂಚ ಹಾಕುವುದು ನಮ್ಮ ಮನೆಗಳಲ್ಲಿ ರೂಢಿ. ಈ ಮಡಿಯ ಬೇರನ್ನು ಹಾಕಬೇಡಿ, ಅಂಗಡಿಯಿಂದ ತನ್ನಿ.

ಪಕ್ಕದವರು ಕತ್ತರಿಸಿದ ಜೊಂಡನ್ನು ಹಸುವಿಗೆ ಕೇಳಿದರು. ಮನೆ ಹಾಲು ಡೇರಿಗೆ ಹಾಕುವವರು, ಹಸಿ ಹುಲ್ಲು ಬಿಡಲಿಕ್ಕೆ ಅವರಿಗೆ ಮನಸ್ಸಾಗಲಿಲ್ಲ. ಕೂರಿಸಿ ವಿವರಿಸಿದೆ, ಅರ್ಥ ಮಾಡಿಕೊಂಡರು. ವರ್ಷಕ್ಕೆ ಎರಡು ಸಲ ಕತ್ತರಿಸಿ ಬೇರೆಯೇ ಗುಂಡಿಯಲ್ಲಿ ಗೊಬ್ಬರ ಮಾಡಿ ಬೇಲಿ ಸಾಲಿನ ಸಿಲ್ವರ್ ಓಕ್‌ಗೆ ಹಾಕುತ್ತೇವೆ. ಹೊಂಡದ ನೀರೂ ಸಿಲ್ವರ್ ಓಕ್‌ಗೆ, ಬಿದಿರಿಗೆ, ದಾಸವಾಳದ ಬೇಲಿಗೆ. ಸೊಪ್ಪಿನ ಮಡಿಗೆ ಒಂದು ತಂಬಿಗೆಯನ್ನೂ ಹಾಕುವುದಿಲ್ಲ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇಂಥ ಮಡಿಯಲ್ಲಿ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಕೆಲಸ ಮಾಡುವವರಿಗೆ ಗ್ಲೌಸ್, ಬೂಟು ಕೊಟ್ಟಿದ್ದೇವೆ.

ಮಡಿ ಕಟ್ಟಿದ ಮೇಲೆ ನನಗೆ ಆದ ದೊಡ್ಡ ಲಾಭ ಅಂದರೆ ಮನೆಯೊಳಗಿನ ರೂಢಿ ಬದಲಾಯಿತು. ಮಡಿಯಿಂದ ಹೋಗದೆ ಉಳಿಯುವ ಔಷಧಿ ಇದೆ ಅಂತ ಗೊತ್ತಾದ ಮೇಲೆ ನೀರಿಗೆ ಬೀಳುವುದನ್ನೇ ಕಡಿಮೆ ಮಾಡಬೇಕು ಅನ್ನಿಸಿತು. ಜೆಲ್ ಹಚ್ಚಿದ ಕೈಯನ್ನು ಮೊದಲು ಹಳೆ ಪೇಪರ್‌ನಲ್ಲಿ ಒರೆಸಿ ಆಮೇಲೆ ತೊಳೆಯುತ್ತೇವೆ. ಸ್ನಾನಕ್ಕೆ ಮುಂಚೆ ಜೆಲ್ ಹಚ್ಚುವುದಿಲ್ಲ, ಸ್ನಾನ ಆದ ಮೇಲೆ ಹಚ್ಚುತ್ತೇವೆ, ಅಷ್ಟರಿಂದಲೇ ಎಷ್ಟೋ ಉಳಿಯುತ್ತದೆ. ಉಳಿದ ಮಾತ್ರೆ, ದಿನ ಮೀರಿದ ಸಿರಪ್ ಮೊದಲು ಕಮೋಡ್‌ಗೆ ಹೋಗುತ್ತಿತ್ತು. ಈಗ ಒಂದು ಡಬ್ಬಿಗೆ ಹಾಕಿ, ನಮ್ಮಲ್ಲಿಗೆ ಬರುವ ಡಾಕ್ಟರ ಆಸ್ಪತ್ರೆಯ ಹಳದಿ ಚೀಲಕ್ಕೆ ಕೊಡುತ್ತೇವೆ. ಆಸ್ಪತ್ರೆ ಕಸದ ನಿಯಮದಲ್ಲಿ ಅವಧಿ ಮುಗಿದ ಔಷಧಿಗೆ ಹಳದಿ ಚೀಲವೇ. ಡಾಕ್ಟರು ಎಲ್ಲರ ಮಾತ್ರೆ ಪಟ್ಟಿಯನ್ನೂ ಕೂತು ನೋಡಿ, ಯಾವಾಗಲೋ ಶುರು ಮಾಡಿ ನಿಲ್ಲಿಸಲು ಮರೆತಿದ್ದ ಕೆಲವನ್ನು ನಿಲ್ಲಿಸಿದರು. ಬೇಕಾದ ಮಾತ್ರೆಯನ್ನು ಒಂದೂ ಬಿಟ್ಟಿಲ್ಲ. ನೀವೂ ಡಾಕ್ಟರನ್ನು ಕೇಳದೆ ಏನನ್ನೂ ನಿಲ್ಲಿಸಬೇಡಿ.

ಖರ್ಚು ಎಲ್ಲ ಸೇರಿ 2,90,000 ರೂಪಾಯಿ ಆಯಿತು. ಜಲ್ಲಿ, ಗಾರೆ ಕೆಲಸ, ಪ್ಲಾಸ್ಟಿಕ್ ಹಾಳೆ, ಜೆಸಿಬಿ, ಅವರ ಫೀಸು ಎಲ್ಲ ಇದರಲ್ಲೇ. ಸೆಪ್ಟಿಕ್ ಟ್ಯಾಂಕ್ ಕೆಸರು ಮಾತ್ರ ಹೊತ್ತಿಗೆ ಸರಿಯಾಗಿ ತೆಗೆಸಬೇಕು, ಅದು ಮಡಿಗೆ ಬಂದರೆ ಕಥೆ ಮುಗಿಯಿತು. ವಾರಕ್ಕೆ ಅರ್ಧ ಗಂಟೆಯ ಕೆಲಸ ಇದೆ. ಜಾಗ ಬೇಕು, ಇಳಿಜಾರು ಇದ್ದರೆ ಒಳ್ಳೆಯದು. ಊರೊಳಗೆ 30 ಬೈ 40 ಸೈಟಿನವರಿಗೆ ಇದು ಆಗುವುದಿಲ್ಲ. ಹೋಂಸ್ಟೇ, ಹಾಸ್ಟೆಲ್, ಸಣ್ಣ ನರ್ಸಿಂಗ್ ಹೋಂ, ತೋಟದ ಮನೆ ಇರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಮಾಡಿಸಿ. ಇಂಗುಗುಂಡಿಗಿಂತ ಎಷ್ಟೋ ಪಾಲು ಮೇಲು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ಮಾತ್ರ ಇದಕ್ಕೆ ಬಿಡಬೇಡಿ, ಅದರ ಹುಳಿಗೆ, ಸಾಂದ್ರತೆಗೆ ಈ ಅಳತೆಯ ಮಡಿ ತಡೆಯುವುದಿಲ್ಲ.

ಕಡಿಮೆ ಮಾಡಿದ ಒಂದು ಸ್ಟಾರ್ ಆ ಮೂರು ವಾರ ಫೋನ್ ತೆಗೆಯದೆ ಇದ್ದದ್ದಕ್ಕೆ, ತೊಳೆಯದ ಜಲ್ಲಿಗೆ, ಪಾಂಪ್ಲೆಟ್‌ನ ಆ ಸಾಲಿಗೆ. ಹೋದ ವಾರ ಹುಡುಗ ಹೊಸ ಪಾಂಪ್ಲೆಟ್‌ನ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದ. "ಶೇಕಡಾ 100" ತೆಗೆದು, "ಕೆಲವು ಔಷಧಿಗಳನ್ನು ಬಹಳಷ್ಟು ಕಡಿಮೆ ಮಾಡುತ್ತದೆ" ಅಂತ ಬರೆದಿದ್ದಾನೆ. ಮೇಷ್ಟ್ರಿಗೆ ಓದಿ ಹೇಳಿದೆ. "ಯಾವುದು ಹೋಗಲ್ಲ ಅನ್ನೋದನ್ನೂ ಹೆಸರು ಹಿಡಿದು ಬರೆಯೋಕೆ ಹೇಳಮ್ಮಾ" ಅಂದರು. ಹೇಳಿ ಕಳಿಸಿದ್ದೇನೆ. ಪಟ್ಟಿಯಲ್ಲಿ ಮೊದಲು ಕಾರ್ಬಮಜೆಪಿನ್ ಇರಲಿ, ಅದರ ಕೆಳಗೆ ಈ ಮಡಿಯ ಸೊಪ್ಪು ತಿನ್ನಬೇಡಿ ಅಂತಲೂ ಇರಲಿ ಅಂತ.